ಸಮುದ್ರದ ಅಟ್ಟ ಬರೆದ ಜಹೀರುದ್ದೀನ್

ಯಮನಮ್ಮ ಜಹೀರುದ್ದೀನನನ್ನು ಮೊದಲು ಕಂಡದ್ದು ಮಾನ್ವಿಯ ತನ್ನ ಓಣಿಯಲ್ಲೇ, ಎದುರು ಮನೆಯ ಅಂಗಳದಲ್ಲಿ. ಬಟ್ಟೆಯ ಹಗ್ಗಕ್ಕೆ ಅವನು ಹಸಿ ಚಿತ್ರಗಳನ್ನು ಸಿಕ್ಕಿಸುತ್ತಿದ್ದ. ನೀಲಿ ನೀರು, ನೀರಿನ ನಡುವೆ ನಾಲ್ಕು ಕಬ್ಬಿಣದ ಕಾಲು, ಮೇಲೊಂದು ಅಟ್ಟ, ಹೊಲದಲ್ಲಿ ಹಕ್ಕಿ ಕಾಯುವ ಅಟ್ಟದ ಹಾಗೆ.

“ಸಮುದ್ರದಾಗೂ ಹಕ್ಕಿ ಕಾಯತಾರೇನಪಾ?” ಯಮನಮ್ಮ ಕೇಳಿದಳು.

“ಎಣ್ಣಿ ತೆಗೀತಾರ ಯವ್ವಾ, ತಳಾ ಕೊರದು.”

“ಕುಸುಬಿ ಎಣ್ಣಿಯೇನು?”

ಚಿತ್ರ ನೋಡಲು ನೆರೆದವರೆಲ್ಲ ನಕ್ಕರು. ಅವನು ಹನ್ನೆರಡು ವರ್ಷದಿಂದ ಆ ಅಟ್ಟದ ಮೇಲೆ ಅಡುಗೆ ಮಾಡುವವನು, ರಜೆಗೆ ಬಂದಿದ್ದ. ಅವನ ಚಿತ್ರದಲ್ಲಿ ಅಟ್ಟದ ತುದಿಯ ಬೆಂಕಿ, ತೆರೆಯ ನೊರೆ, ಎಲ್ಲವೂ ಬಣ್ಣ ಹಚ್ಚದೆ ಬಿಟ್ಟ ಬರೀ ಕಾಗದ. ಬಿಳಿ ಹಚ್ಚದೆ ಬಿಳಿ ತಂದಿದ್ದ. ಯಮನಮ್ಮ ಅಂದು ರೊಟ್ಟಿ ಮುಂದಿಟ್ಟುಕೊಂಡು ಎದುರು ಅಂಗಳದ ಹಗ್ಗವನ್ನೇ ನೋಡುತ್ತ ಕೂತಳು.

ಗಂಡ ತೀರಿದ ಮೇಲೆ ಅವಳನ್ನು ಯಾರೂ ಆರತಿಗೆ ಕರೆಯುತ್ತಿರಲಿಲ್ಲ. ಮದುವೆ ಮನೆಯ ಕೆಮ್ಮಣ್ಣಿನ ಗೋಡೆಗೆ ಸುಣ್ಣದಲ್ಲಿ ಆನೆ, ನವಿಲು ಬರೆಯಲು ಮಾತ್ರ ದೇವದುರ್ಗದಿಂದಲೂ ಕರೆ ಬರುತ್ತಿತ್ತು. ಮದುವೆ ಮನೆಯ ಹೊಸ್ತಿಲು ದಾಟಲು ಅವಳಿಗಿದ್ದದ್ದು ಅದೊಂದೇ ದಾರಿ.

ಅದೇ ಓಣಿಯ ಬೂದೆಪ್ಪ, ಮಗಳು ಸೌಭಾಗ್ಯಳ ಮದುವೆ ಹತ್ತಿರ ಬಂದಾಗ, ಯಮನಮ್ಮನ ಮನೆಗೆ ಬಂದು ಹೇಳಿದ: “ಈ ಸಲ ಜಹೀರ ಬರೀತಾನ ಬೇ. ನಿನಗೂ ವಯಸ್ಸಾತು, ಕುಂದ್ರು.”

ಸಂಜೆ ಜಹೀರುದ್ದೀನನೇ ಬಂದ. “ಯವ್ವಾ, ಮಣ್ಣಿನ ಗ್ವಾಡಿ ನನಗ ಹೊಸದು. ಬಣ್ಣಕ್ಕ ಮೊದಲ ಏನರ ಹಚ್ಚಬೇಕೇನು?”

ಬೇವಿನ ಅಂಟು ನೆನೆಸಿ, ಸುಣ್ಣಕ್ಕೆ ಕಲಸಿ, ಎರಡು ಸಲ ಬಳಿಯಬೇಕು. ಉತ್ತರ ಯಮನಮ್ಮನ ನಾಲಿಗೆಯ ತುದಿಗೆ ಬಂದಿತ್ತು.

“ಏನೂ ಬ್ಯಾಡ. ಹಂಗಽ ಬರಿ. ನೀ ಸಮುದ್ರಾನ ಬರದಾಂವ.”

ಬರೆದ. ಅವನ ನೀರುಬಣ್ಣವನ್ನು ಬೂದೆಪ್ಪನ ಮನೆಯ ಗೋಡೆ ಕುಡಿದುಬಿಟ್ಟಿತು. ಕಾಗದದಲ್ಲಿ ಬಿಡುವಂತೆ ಖಾಲಿ ಬಿಟ್ಟಿದ್ದ ಆನೆಯ ದಂತಗಳು ಕೆಮ್ಮಣ್ಣಾಗಿಯೇ ಉಳಿದವು.

“ಆನಿ ಎಲಿ ಅಡಿಕಿ ತಿಂದದ ನೋಡ್ರಿ!” ಎಂದರು ಬೀಗರು.

ಬೂದೆಪ್ಪ ಯಮನಮ್ಮನನ್ನು ಕರೆಯಲು ಓಡಿ ಬಂದ. ಯಮನಮ್ಮ ಸೀರೆ ಬದಲಿಸಿ, ಅಂಟು ನೆನೆಹಾಕಿದ್ದ ಬಟ್ಟಲು ಹಿಡಿದು ಹೊರಟಳು. ಮುಂಜಾನೆಯೇ ನೆನೆಹಾಕಿದ್ದಳು. ಅವಳು ಅಂಟನ್ನು ಸುಣ್ಣಕ್ಕೆ ಕಲಸುವಾಗ ಬಟ್ಟಲು ಹಿಡಿದು ನಿಂತವನು ಜಹೀರುದ್ದೀನ್. ಆಗಲೇ ನೆನೆದು ಉಬ್ಬಿದ್ದ ಅಂಟನ್ನು ಅವನು ಬೆರಳಿನಿಂದ ಮುಟ್ಟಿ ನೋಡಿದ. ಆನೆ ಎದ್ದಿತು, ದಂತ ಬೆಳ್ಳಗೆ ಹೊಳೆಯಿತು. ಹೆಂಗಸರು ಅವಳನ್ನು ಒಳಗೆ ಕರೆದು ಉಣ್ಣಿಸಿದರು.

ಮದುವೆಯಾದ ಮೂರನೆಯ ದಿನ ಜಹೀರುದ್ದೀನನ ರಜೆ ಮುಗಿಯಿತು. ರಾಯಚೂರು ಬಸ್ಸಿಗೆ ಹೊರಟವನು ಅವಳ ಬಾಗಿಲಲ್ಲಿ ನಿಂತು, ಸಮುದ್ರದ ಅಟ್ಟದ ಒಂದು ಚಿತ್ರವನ್ನು ಅವಳ ಕೈಯಲ್ಲಿಟ್ಟ.

“ಯವ್ವಾ, ನಾ ಕೇಳಾಕ ಬಂದಾಗ ನಿನಗ ಅಂಟಿಂದು ಗೊತ್ತಿತ್ತಲ್ಲಾ?”