ಯಾವ ಫೋನನ್ನೂ ಹೊಗಳದವರು

ಅವರ ಬಲಗೈ ಹೆಬ್ಬೆರಳಿನ ಉಗುರು ಉಳಿದ ಒಂಬತ್ತರ ಹಾಗಿರಲಿಲ್ಲ. ದಪ್ಪ, ಹಳದಿ, ತುದಿಯಲ್ಲಿ ಚೂಪು. ಒಣಕೊಬ್ಬರಿ ಚೂರೊಂದನ್ನು ಬೆರಳಿಗೆ ಅಂಟಿಸಿಕೊಂಡಂತೆ. ಫೋನಿನ ಬೆನ್ನಿಗೆ ಅದನ್ನು ಕೊಟ್ಟು ಒಮ್ಮೆ ಎಳೆದರೆ ಟಕ್ಕೆಂದು ಮುಚ್ಚಳ ಕೈಗೆ ಬರುತ್ತಿತ್ತು. ಆಮೇಲೆ ಕಂಪನಿಗಳು ಫೋನುಗಳನ್ನು ಗೋಂದು ಹಾಕಿ ಮುಚ್ಚತೊಡಗಿದವು. ಅಂಥದ್ದೊಂದು ಮೊದಲ ಸಲ ಅಂಗಡಿಗೆ ಬಂದ ದಿನ ಉಗುರು ಅರ್ಧಕ್ಕೆ ಮುರಿಯಿತು. ಬೆರಳನ್ನು ಬಾಯಲ್ಲಿಟ್ಟುಕೊಂಡೇ ಕೇಳಿದರು: "ಬ್ಯಾಟ್ರಿ ಸಾಯೋ ವಸ್ತು ಅಂತ ಗೊತ್ತಿದ್ದೂ, ಸಮಾಧಿ ಒಳಗಿಟ್ಟೇ ಮಾರ್ತಾರಲ್ಲೋ. ಇವರಿಗೆ ಏನನ್ನೋದು?"

ಹಳೇಬೀಡಿನ ಬಸ್ ಸ್ಟ್ಯಾಂಡಿನ ಹತ್ತಿರ ಅವರ ಅಂಗಡಿ. ರೇಡಿಯೋದಲ್ಲಿ ಶುರುಮಾಡಿ, ಟೇಪ್ ರೆಕಾರ್ಡರ್, ಟೀವಿ ದಾಟಿ ಮೊಬೈಲಿಗೆ ಬಂದವರು. ಊರೆಲ್ಲ ರಿಪೇರಿ ಯಜಮಾನ್ರು ಅನ್ನುತ್ತಿತ್ತು, ನಾನೂ ಹಾಗೇ. ಜೈನರು, ಹೊತ್ತು ಮುಳುಗುವುದರೊಳಗೆ ಊಟ ಆಗಬೇಕು, ಹಾಗಾಗಿ ಐದಕ್ಕೆಲ್ಲ ಶಟರ್ ಎಳೆಯುತ್ತಿದ್ದರು. ದೇವಸ್ಥಾನ ನೋಡಲು ಬಂದವರು, ಫೋಟೋ ತೆಗೆದೂ ತೆಗೆದೂ ಸತ್ತ ಫೋನು ಹಿಡಿದು ಅದರ ಮುಂದೆ ಗೋಗರೆಯುತ್ತಿದ್ದರು. ಇವರು ಬೀಗ ಹಾಕುತ್ತಲೇ, ದೇವರು ಎರಡು ಕಣ್ಣು ಕೊಟ್ಟಿದ್ದಾನಲ್ಲ, ಇವತ್ತು ಅವನ್ನೇ ಬಳಸಿ ಅಂತ ಹೇಳಿ ಹೊರಡುವರು.

ನಾನು ಡಿಗ್ರಿ ಮುಗಿಸಿ, ಮುಗಿಸಿದ್ದೇ ಒಂದು ಉದ್ಯೋಗ ಅಂದುಕೊಂಡು ಅವರ ಅಂಗಡಿಯ ಬೆಂಚಿನ ಮೇಲೆ ಕೂತಿದ್ದವನು. ಬಸ್ ಕಂಡಕ್ಟರು, ನಮ್ಮ ಪ್ರಿನ್ಸಿಪಾಲರು, ನಮ್ಮಪ್ಪ, ಯಾರ ದನಿ ಬೇಕಾದರೂ ಮಾಡುತ್ತಿದ್ದೆ. ನಿನ್ನ ದನಿ ಯಾವುದಪ್ಪ ಅಂತ ಯಾರೂ ಕೇಳಿರಲಿಲ್ಲ, ನಾನೂ ಹುಡುಕಿರಲಿಲ್ಲ.

ಪೇಪರಿನಲ್ಲಿ ಬರುವ ಫೋನು, ಕಂಪ್ಯೂಟರಿನ ಸುದ್ದಿಯನ್ನು ಜೋರಾಗಿ ಓದುವುದು ನನ್ನ ಕೆಲಸ. ಅವರು ತಲೆ ತಗ್ಗಿಸಿ ಬೆಸುಗೆ ಹಾಕುತ್ತಲೇ ಜಗಳಕ್ಕೆ ಬೀಳುತ್ತಿದ್ದರು. ಪರಿಸರ ಉಳಿಸಲು ಡಬ್ಬದಲ್ಲಿ ಚಾರ್ಜರ್ ಕೊಡುವುದಿಲ್ಲವಂತೆ ಎಂದು ಓದಿದರೆ, "ಉಳಿಸಲಿ. ಫೋನೂ ಕೊಡದಿದ್ರೆ ಇನ್ನೂ ಉಳೀತೈತೆ." ಮಡಚುವ ಫೋನು ಬಂತಂತೆ ಅಂದರೆ, ಮಡಚೋ ಹುಚ್ಚಿದ್ದರೆ ಮನೆಯಲ್ಲಿ ಚಾಪೆ ಇದೆ. ಹಿಂದುಗಡೆ ನಾಲ್ಕು ಕ್ಯಾಮೆರಾ ಅಂದರೆ, ಅದರಲ್ಲಿ ಎರಡು ಬರೀ ಗುಳಿ. ಅಪ್‌ಡೇಟ್ ಅನ್ನೋ ಪದ ಕೇಳಿದರಂತೂ ಬೆಸುಗೆ ಕಡ್ಡಿಯನ್ನೇ ಕೆಳಗಿಡುತ್ತಿದ್ದರು. ಚೆನ್ನಾಗಿರುವ ಮನೆಗೆ ರಾತ್ರೋರಾತ್ರಿ ನುಗ್ಗಿ, ಬಾಗಿಲಿದ್ದ ಕಡೆ ಕಿಟಕಿ ಇಟ್ಟು, ಬೆಳಗ್ಗೆ ಅಭಿನಂದನೆಗಳು ಅಂತ ಚೀಟಿ ಅಂಟಿಸಿ ಹೋಗುವವರನ್ನು ಏನಂತ ಕರೀತಾರೆ ಅಂತ ನನ್ನನ್ನೇ ಕೇಳುವರು. ಮನುಷ್ಯರ ದನಿಯನ್ನೇ ನಕಲು ಮಾಡುವ ಯಂತ್ರ ಬಂದಿದೆ ಎಂದು ಓದಿದ ದಿನ ಮಾತ್ರ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಅದೇನು ಹೊಸದು, ನಮ್ಮ ಬೆಂಚಿನ ಮೇಲೆ ಮೂರು ವರ್ಷದಿಂದ ಕೂತಿದೆ, ಕರೆಂಟು ಬೇಡ, ಕಾಫಿ ಮಾತ್ರ ಕೇಳುತ್ತೆ ಅಂದರು.

ಆ ಯಂತ್ರವೇ ಒಂದು ದಿನ ಎಡವಟ್ಟು ಮಾಡಿತು.

ಹೊಸದಾಗಿ ಬಂದಿದ್ದ ಒಂದು ಅಗ್ಗದ ಫೋನಿನ ಬಗ್ಗೆ, ಯಜಮಾನ್ರ ದನಿಯಲ್ಲಿ ಒಂದು ನಿಮಿಷದ ಆಡಿಯೋ ಮಾಡಿದೆ. "ನಲವತ್ತು ವರ್ಷದಲ್ಲಿ ಇಂಥ ವಸ್ತು ನೋಡಿಲ್ಲ ಕಣ್ರೀ, ಕಣ್ಮುಚ್ಕೊಂಡ್ ತಗೊಳ್ಳಿ." ತಮಾಷೆ ಏನೆಂದರೆ, ಆ ಬಾಯಿಂದ ಹೊಗಳಿಕೆ ಬರುವುದು ಹಳೇಬೀಡಿನ ಕೆರೆಗೆ ಸಮುದ್ರದ ಅಲೆ ಬಂದಷ್ಟೇ ನಿಜ. ನಮ್ಮೂರಲ್ಲಿ ಕೇಳಿದವರೆಲ್ಲ ಬಿದ್ದು ಬಿದ್ದು ನಕ್ಕರು. ಆಡಿಯೋ ಹಾಗೇ ಕೈಯಿಂದ ಕೈಗೆ ದಾಟಿ ಪಕ್ಕದೂರು ಹಗರೆಯ ಹಾಲಿನ ಡೈರಿಯ ವಾಟ್ಸಾಪ್ ಗುಂಪಿಗೆ ಹೋಯಿತು. ಅಲ್ಲಿ ಯಾರೂ ನಗಲಿಲ್ಲ. ಯಾವುದನ್ನೂ ಹೊಗಳದ ಯಜಮಾನ್ರೇ ಇದನ್ನು ಹೊಗಳಿದ್ದಾರೆ ಅಂದಮೇಲೆ ಇನ್ನೇನು ನೋಡೋದು ಅಂತ, ಹಾಲು ಹಾಕುವ ಆರು ಹೆಂಗಸರು ಅದೇ ಫೋನು ಕೊಂಡರು.

ಎರಡು ತಿಂಗಳಿಗೆ ಒಂದು ಅಪ್‌ಡೇಟ್ ಬಂತು. ಆರೂ ಫೋನುಗಳ ಪರದೆಯ ಮೇಲೆ, ಮೇಲಿಂದ ಕೆಳಗೆ, ಒಂದು ಹಸಿರು ಗೆರೆ ಎದ್ದಿತು.

ಅವರಲ್ಲೊಬ್ಬ ಅಕ್ಕ ಬಸ್ಸು ಹತ್ತಿ ಅಂಗಡಿಗೇ ಬಂದರು. ನಾನು ಬೆಂಚಿನ ಮೇಲೇ ಇದ್ದೆ. ನಿಮ್ಮ ಮಾತು ನಂಬಿ ತಗೊಂಡ್ವಿ ಅಂತ, ಗೆರೆ ಬಿದ್ದ ಫೋನಿನಲ್ಲೇ ಆಡಿಯೋ ಹಾಕಿದರು. ಯಜಮಾನ್ರು ಪೂರ್ತಿ ಕೇಳಿದರು. ನನ್ನ ಕಡೆ ಒಮ್ಮೆ ನೋಡಿದರು. ನಲವತ್ತು ವರ್ಷ ಕೂಡಿಟ್ಟ ಹೆಸರು ಆ ಒಂದು ನಿಮಿಷದಲ್ಲಿ ಹೋಗಿದೆ ಅನ್ನುವುದು ನನಗೇ ಹೊಳೆಯಿತು, ಅವರಿಗೆ ಹೊಳೆಯದೇ ಇರುತ್ತದೆಯೇ. ಆದರೂ ಅಕ್ಕನಿಗೆ ಹೇಳಿದ್ದು ಇಷ್ಟೇ: "ನಾಳೆ ಡೈರಿಗೆ ನಾನೇ ಬತ್ತೀನಿ, ತಾಯಿ."

ಮಾರನೆಯ ಬೆಳಗ್ಗೆ ಮೊದಲ ಬಸ್ಸಿಗೆ ನನ್ನನ್ನೂ ಹತ್ತಿಸಿದರು. ದಾರಿಯುದ್ದಕ್ಕೂ ಬೈಯಲೇ ಇಲ್ಲ. ಬೈದಿದ್ದರೆ ಮನೆಗೆ ಹೋಗಿ ಅದನ್ನೂ ಮಾಡಿ ತೋರಿಸಬಹುದಿತ್ತು.

ಡೈರಿಯ ಮುಂದೆ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದವರು ಇವರನ್ನು ಕಂಡದ್ದೇ ಸುತ್ತುವರಿದರು. ದೊಡ್ಡೋರು ನೀವೇ ಹಿಂಗೆ ಹೇಳೋದಾ ಅಂದರು. ಕಂಪನಿಯೋರು ಎಷ್ಟು ಕೊಟ್ಟರು ಅಂತಲೂ ಒಬ್ಬರು ಕೇಳಿಬಿಟ್ಟರು. ಅದು ನನ್ನ ದನಿಯಲ್ಲ ಅನ್ನುವ ಒಂದು ಮಾತು ಸಾಕಿತ್ತು, ಅವರು ಅನ್ನಲಿಲ್ಲ. ಕೈಕಟ್ಟಿ ನಿಂತು ಎಲ್ಲವನ್ನೂ ಹೇಳಿಸಿಕೊಂಡರು. ಅವರು ಕಾಯುತ್ತಿದ್ದದ್ದು ನಾನು ಬಾಯಿ ಬಿಡಲಿ ಅಂತ. ಅದು ಅರ್ಥವಾಗಲು ನನಗೆ, ಡಿಗ್ರಿ ಆದವನಿಗೆ, ನಾಲ್ಕು ಕ್ಯಾನು ಹಾಲು ಅಳೆಯುವಷ್ಟು ಹೊತ್ತು ಹಿಡಿಯಿತು.

"ಅದು ಅವರಲ್ಲ. ನಾನು ಮಾಡಿದ್ದು" ಅಂದೆ. ದನಿ ಎಷ್ಟು ಸಣ್ಣಗಿತ್ತು ಅಂದರೆ ಎರಡು ಸಲ ಹೇಳಬೇಕಾಯಿತು.

ಯಾರೂ ನಂಬಲಿಲ್ಲ. ಯಜಮಾನ್ರನ್ನು ಉಳಿಸೋಕೆ ಹುಡುಗ ಸುಳ್ಳು ಹೇಳ್ತಿದ್ದಾನೆ ಅಂದರು. ಹಿಂದಿನ ದಿನ ಬಂದಿದ್ದ ಅಕ್ಕ, "ಹಂಗಾದ್ರೆ ಈಗ್ಲೇ ಮಾಡಿ ತೋರ್ಸು" ಅಂತ ಸೊಂಟದ ಮೇಲೆ ಕೈಯಿಟ್ಟು ನಿಂತರು. ಯಜಮಾನ್ರೆದುರೇ ಅವರ ದನಿ ಮಾಡಿದೆ. ಚಾರ್ಜರು, ಚಾಪೆ, ಕಿಟಕಿ, ಎಲ್ಲ ಬೈಗುಳವನ್ನೂ ಒಂದೇ ಉಸಿರಿಗೆ ಹೇಳಿದೆ. ಸಾಲಿಗೆ ಸಾಲೇ ನಕ್ಕಿತು. ಯಜಮಾನ್ರು ಬೆರಗಾಗಿ, ನಾನು ಇಷ್ಟೊಂದು ಸಿಡುಕ್ತೀನಾ ಅಂತ ಪಕ್ಕದವರನ್ನು ಕೇಳಿದರು. ಹೌದು ಅಂತ ಪಕ್ಕದವರು ತಲೆಯಾಡಿಸಿದರು.

ಅಕ್ಕ ಮಾತ್ರ ನಗಲಿಲ್ಲ. "ಎಲ್ಲಾ ಸರಿ ಕಣಪ್ಪ. ಗೆರೆ ಹೋಗುತ್ತಾ?"

ಗೆರೆ ತಾನಾಗಿ ಹೋಗುವಂಥದ್ದಲ್ಲ. ಆರೂ ಫೋನನ್ನು ಚೀಲಕ್ಕೆ ತುಂಬಿಕೊಂಡು ಹಾಸನದ ಸರ್ವೀಸ್ ಸೆಂಟರಿಗೆ ಆರು ಸಲ ಹೋದೆ, ಯಜಮಾನ್ರ ಅಪ್ಪಣೆ. ಟೋಕನ್, ಸರ್ವರ್ ಡೌನು, ನಾಳೆ ಬನ್ನಿ. ನಾನು ಯಾವ ಮಂತ್ರಿಯ ದನಿ ಮಾಡಿದರೂ ಕೌಂಟರಿನಲ್ಲಿದ್ದವಳು ತಲೆ ಎತ್ತಲಿಲ್ಲ. ಕೊನೆಗೆ ಐದು ಫೋನಿಗೆ ಹೊಸ ಪರದೆ ಹಾಕಿಕೊಟ್ಟರು. ಆರನೆಯದರ ಮೂಲೆ ತಗ್ಗಿದೆ, ಎಮ್ಮೆ ತುಳಿದಂತಿದೆ, ವಾರಂಟಿ ಸಿಗಲ್ಲ ಅಂದರು. ಎಮ್ಮೆ ತುಳಿದದ್ದು ನಿಜವೇ. ಅದನ್ನು ಯಜಮಾನ್ರೇ ಎರಡು ದಿನ ಕೂತು ಸರಿಮಾಡಿದರು, ಗೋಂದು ಕಂಡುಹಿಡಿದವನ ವಂಶವನ್ನೆಲ್ಲ ನೆನೆಯುತ್ತ.

ಅವತ್ತು ಹಗರೆಯಿಂದ ವಾಪಸ್ ಬರುವ ಬಸ್ಸಿನಲ್ಲಿ ಅವರು ಒಂದೇ ಮಾತಾಡಿದ್ದು. "ನನ್ನ ದನಿ ನೀನೇ ಇಟ್ಕೊ. ಬೇಕಾದಷ್ಟು ಬೈಸು. ಹೊಗಳಿಸ್ಬೇಡ ಕಣೋ."

ಹೋದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಮಧ್ಯಾಹ್ನ ಬೆಸುಗೆ ಹಾಕುತ್ತಿದ್ದವರು ಎದೆ ಹಿಡಿದುಕೊಂಡು ಕೂತರಂತೆ, ಹಾಸನದ ಆಸ್ಪತ್ರೆ ಮುಟ್ಟಲಿಲ್ಲ. ಹಗರೆಯಿಂದ ಆ ಆರೂ ಜನ ಬಂದಿದ್ದರು.

ಕಳೆದ ತಿಂಗಳು ಬೆಂಗಳೂರಿನಿಂದ ಒಬ್ಬ ಫೋನು ಮಾಡಿದ. ಯಾವುದೋ ಫೋನು ಕಂಪನಿಯ ಜಾಹೀರಾತು ಮಾಡುವವನು. ಆ ಹಳೇ ಆಡಿಯೋ ಇನ್ನೂ ಓಡಾಡುತ್ತಿದೆಯಂತೆ, ಆ ಅಂಕಲ್ ವಾಯ್ಸ್ ಬೇಕು ಸಾರ್, ತುಂಬ ನಂಬಿಕೆ ಬರುತ್ತೆ ಅಂದ. ಅವರು ತೀರಿಕೊಂಡಿದ್ದಾರೆ ಅಂದೆ. ಪರವಾಗಿಲ್ಲ ಸಾರ್, ಸಾಫ್ಟ್‌ವೇರ್ ಇದೆ, ಒಂದು ನಿಮಿಷದ ಆಡಿಯೋ ಇದ್ದರೆ ಸಾಕು ಅಂದ. ಅದರಲ್ಲಿರೋದು ಅವರ ದನಿಯಲ್ಲ, ನನ್ನದು ಅಂದೆ. ಇನ್ನೂ ಒಳ್ಳೇದಾಯ್ತು, ಹಾಗಾದರೆ ನೀವೇ ಸಹಿ ಹಾಕಿಬಿಡಿ ಅಂದ.

ಆಗಲ್ಲ ಅಂದೆ. ಯಾರ ದನಿಯನ್ನೂ ಮಾಡದೆ, ನನ್ನದರಲ್ಲೇ ಅಂದೆ. ಸ್ವಲ್ಪ ಸಿಡುಕು ಸೇರಿತ್ತು, ಅದು ಮಾತ್ರ ಅವರದು.