ಹಿಂದಿನ ಬೆಂಚಿನಿಂದ ಎದ್ದ ಸೊಲ್ಲು

ಭಾನುವಾರ, ಬೆಳಗಿನ ಐದೂವರೆ. ಹತ್ತಿ ಹೊಲಗಳ ಮೇಲೆ ಇನ್ನೂ ಮಂಜು ಕೂತಿದೆ. ಅಮೆರಿಕದ ಮಿಸಿಸಿಪ್ಪಿ ಸೀಮೆಯ ಹಾಲೋವೇ ಬೆಂಡ್ ಎಂಬ ಪುಟ್ಟ ಊರಿನಲ್ಲಿ, ಅಣ್ಣನ ಮನೆಯ ಹಿತ್ತಲ ಗೋಡೆಗೆ ಲುವೀನಿಯಾ ಪಿಕೆಟ್ ಎಂಬ ಗಾಯಕಿ ತಂತಿ ಬಿಗಿಯುತ್ತಿದ್ದಾರೆ. ಹಳೇ ಪೊರಕೆಯಿಂದ ಬಿಚ್ಚಿದ ತಂತಿ. ಮೇಲೊಂದು ಮೊಳೆ, ಕೆಳಗೊಂದು ಮೊಳೆ, ತಂತಿಯಡಿಗೆ ತುರುಕಿದ ಔಷಧಿ ಸೀಸೆ. ಬೆರಳಲ್ಲಿ ಮೀಟಿದರೆ ಮರದ ಗೋಡೆಯೆಲ್ಲ ಗುಂಯ್ ಎನ್ನುತ್ತದೆ. ಊರಿಗೆ ಬಂದಾಗಲೆಲ್ಲ, ಎಪ್ಪತ್ಮೂರರ ಈ ವಯಸ್ಸಿನಲ್ಲೂ, ಅವರು ಗಂಟಲು ಬಿಡಿಸಿಕೊಳ್ಳುವುದು ಈ ಒಂಟಿ ತಂತಿಗೆ ದನಿಗೂಡಿಸಿಯೇ.

"ಲೂವಿ, ಗೋಡೆ ಕಿತ್ಕೊಂಡು ಬಂದ್ರೆ ನಿನ್ ಜೊತೆ ಹಾಲೆಂಡಿಗೇ ಬಂದ್ಬಿಡ್ತೀನಿ, ನೋಡ್ಕೋ" ಎನ್ನುತ್ತಾರೆ ಬಾಗಿಲಲ್ಲಿ ನಿಂತ ಅಣ್ಣ ಎಲ್ಜಿ. ಅದು ಮಾತಲ್ಲ, ಪಿಸುಗುಟ್ಟಿದ ಹಾಗೆ. ಕಳೆದ ಚಳಿಗಾಲದಲ್ಲಿ ಅವರ ಗಂಟಲಿನ ಶಸ್ತ್ರಚಿಕಿತ್ಸೆ ಆಗಿದೆ.

"ಬಾರಣ್ಣ, ಯಾರು ಬೇಡ ಅಂದ್ರು? ಮೂರು ಹೊತ್ತೂ ಆಲೂಗಡ್ಡೆ ಬಡಿಸ್ತಾರೆ. ವಾರ ತುಂಬೋದ್ರೊಳಗೆ ಅತ್ಕೊಂಡು ಓಡಿ ಬರ್ತೀಯ."

ಇಬ್ಬರೂ ನಗುತ್ತಾರೆ, ಆದರೆ ಇವತ್ತು ಆ ನಗೆಯಲ್ಲಿ ಜೀವವಿಲ್ಲ. ಎಲ್ಜಿ ಈ ಊರ ಕಪ್ಪು ಜನರ ಚರ್ಚಿನ ಹಿರಿಯರು. ಮೂವತ್ತು ವರ್ಷ ಅಲ್ಲಿ ಸೊಲ್ಲೆತ್ತಿದವರು. ಪುಸ್ತಕ ನೋಡಿ ಓದಲು ಬಾರದ ಕಾಲದಿಂದ ಬಂದ ಪದ್ಧತಿ ಅದು: ಒಬ್ಬರು ಸಾಲನ್ನು ಸರಸರನೆ ಎತ್ತಿಕೊಡಬೇಕು, ಸಭೆಯೆಲ್ಲ ಅದನ್ನು ಹಿಡಿದು ಎಳೆದೆಳೆದು ಹಾಡಬೇಕು. ಚಳಿಗಾಲದಿಂದ ಆ ಹಾಡು ನಿಂತಿದೆ. ಇವತ್ತು ಎಲ್ಜಿ ಮತ್ತೆ ಪ್ರಯತ್ನಿಸುತ್ತಾರೆ. ಆಗದೇ ಹೋದರೆ ಅಪ್ಪನಿಂದ ಬಂದ ಆ ರಾಗಗಳು ಇಲ್ಲಿಗೇ ಮುಗಿದವು. ಅವನ್ನು ಬಲ್ಲ ಇನ್ನೊಬ್ಬರೆಂದರೆ ಲುವೀನಿಯಾ ಮಾತ್ರ, ಮತ್ತು ಅವರು ಆ ಚರ್ಚಿನಲ್ಲಿ ಬಾಯಿ ತೆರೆಯುವಂತಿಲ್ಲ!

ಆರು ವರ್ಷದ ಹುಡುಗಿಯಾಗಿದ್ದಾಗ ಲುವೀನಿಯಾ ಹತ್ತಿ ಬಿಡಿಸುವ ಅಪ್ಪನ ಬೆನ್ನಿಗೇ ನಡೆಯುತ್ತ ಸಾಲುಗಳನ್ನು ಕಲಿತರು. ಅಪ್ಪ ಎತ್ತಿದ್ದಕ್ಕೆ ಮಗಳು ಓಗೊಡಬೇಕು. ತಡವಾದರೆ ಅಪ್ಪ ತಿರುಗಿ ನೋಡುತ್ತಿದ್ದರು. ಹದಿನಾಲ್ಕಕ್ಕೆ ಆ ಹುಡುಗಿ ಸಭೆಯೆದುರು ಸೊಲ್ಲೆತ್ತಿದಾಗ ಮುದುಕರೆಲ್ಲ ಕರವಸ್ತ್ರ ತೆಗೆದರಂತೆ. ಆದರೆ ಆಗಲೂ ಮೀಟುತ್ತಿದ್ದ ಗೋಡೆಯ ತಂತಿ ಬೇರೆಯ ಹಾಡುಗಳನ್ನೂ ಕಲಿಸುತ್ತಿತ್ತು. ಹದಿನೆಂಟರಲ್ಲಿ ಒಂದು ಶನಿವಾರ, ಮೀನು ಕರಿದು ಮಾರುವ ಗುಡಿಸಲಿನಲ್ಲಿ, ದೇವರ ಹೆಸರಿಲ್ಲದ, ಕಾಲು ಕುಣಿಸುವ ಬ್ಲೂಸ್ ಹಾಡಿದರು. ಮರುದಿನವೇ ಓರಲೀ ಗಿಬ್ಸ್ ಎಂಬ ಹೆಂಗಸು ಸಭೆಯಲ್ಲಿ ಎದ್ದು, ಸೈತಾನನ ಹಾಡು ಹಾಡಿದ ಬಾಯಿ ಇಲ್ಲಿ ಸೊಲ್ಲೆತ್ತಬಾರದು ಎಂದರು. ಒಪ್ಪಿಗೆಗೆ ಕೈಗಳು ಎದ್ದವು. ಅಪ್ಪನ ಕೈಯೂ ಎದ್ದಿತು.

ಮರಳಿ ಹಾಡಲು ದಾರಿ ಇತ್ತು. ಸಭೆಯ ಮುಂದೆ ನಿಂತು ಬಲಗೈ ಎತ್ತಿ ತಪ್ಪಾಯ್ತು ಎನ್ನಬೇಕು, ಎಲ್ಲರೂ ಬಂದು ಕೈಕುಲುಕುತ್ತಾರೆ, ಅಷ್ಟೇ. ಲುವೀನಿಯಾ ಜಗ್ಗಲಿಲ್ಲ. "ಕದ್ದಿದ್ರೆ ಕೇಳ್ತಿದ್ದೆ, ಸುಳ್ಳು ಹೇಳಿದ್ರೆ ಕೇಳ್ತಿದ್ದೆ. ಹಾಡಿದ್ದಕ್ಕೆ ಕ್ಷಮೆ ಕೇಳು ಅಂದ್ರೆ ನಾಲಿಗೆ ಹೊರಳಲ್ಲಪ್ಪ" ಎನ್ನುತ್ತಾರೆ ಈಗಲೂ. ಅಬ್ಬಾ, ಎಂಥ ಹಠ! ಐವತ್ತೈದು ವರ್ಷಗಳಿಂದ ಊರಿಗೆ ಬಂದಾಗಲೆಲ್ಲ ತಪ್ಪದೆ ಚರ್ಚಿಗೆ ಹೋಗುತ್ತಾರೆ, ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿ ಕೂರುತ್ತಾರೆ.

ಊರು ಬಿಟ್ಟ ಮೇಲೆ ಮೊದಲು ಚಿಕಾಗೋದ ಚಿಕ್ಕಮ್ಮನ ಮನೆ, ಕೋಳಿಮಾಂಸದ ಕಾರ್ಖಾನೆಯ ಕೆಲಸ, ಸಂಜೆ ಹಾಡು. ಇಪ್ಪತ್ತೊಂಬತ್ತಕ್ಕೆ ಆರು ವಾರದ ಕಾರ್ಯಕ್ರಮಕ್ಕೆಂದು ಹಾಲೆಂಡಿಗೆ ಹೋದವರು ಅಲ್ಲೇ ಉಳಿದರು. ಈಗ ನಲವತ್ನಾಲ್ಕು ವರ್ಷ. ಅಲ್ಲಿನ ಉಟ್ರೆಕ್ಟ್ ನಗರದಲ್ಲಿ ಎರಡು ಕೋಣೆಯ ಮನೆ, ಒಂದು ಸೈಕಲ್, ಬೆನ್ನಿಗೆ ಗಿಟಾರ್. ವಾರಕ್ಕೆ ನಾಲ್ಕು ಸಂಜೆ ಹಾಡು, ಎರಡು ಮಧ್ಯಾಹ್ನ ವೃದ್ಧಾಶ್ರಮ. ಎಂಟು ಸಾವಿರಕ್ಕೂ ಹೆಚ್ಚು ಸಲ ಜನರೆದುರು ಹಾಡಿದ್ದಾರೆ; ಇಲ್ಲಿಯವರೆಗೆ ಯಾವ ಪತ್ರಿಕೆಯೂ ಅವರ ಹೆಸರನ್ನು ಸರಿಯಾಗಿ ಬರೆದಿಲ್ಲ.

"ಡಚ್ಚರು ಒಳ್ಳೇ ಜನ, ಸುಳ್ಳು ಹೇಳಬಾರದು. ಚಪ್ಪಾಳೆ ಮಾತ್ರ ತಾಳ ತಪ್ಪಿಯೇ ಹಾಕ್ತಾರೆ! ಹಾಡ್ತಿದ್ರೆ ಸೂಜಿ ಬಿದ್ರೂ ಕೇಳ್ಬೇಕು, ಅಷ್ಟು ಸುಮ್ನೆ ಕೂತಿರ್ತಾರೆ. ನಮ್ಮವರಾಗಿದ್ರೆ 'ಹೌದು ತಾಯಿ', 'ಹೇಳು, ಹೇಳು' ಅಂತಿದ್ರು. ಅಲ್ಲಿ ಸೊಲ್ಲೆತ್ತೋದೂ ನಾನೇ, ಓಗೊಡೋದೂ ನಾನೇ. ಅಭ್ಯಾಸ ಆಗೋಯ್ತು."

ಹನ್ನೊಂದು ಗಂಟೆ. ಚರ್ಚಿನಲ್ಲಿ ನಲವತ್ತು ಜನ, ಹೆಚ್ಚಿನವರು ನರೆತವರು. ಲುವೀನಿಯಾ ನೀಲಿ ಟೋಪಿ ಇಟ್ಟು ಹಿಂದಿನ ಬೆಂಚಿನಲ್ಲಿ ಕೂತಿದ್ದಾರೆ. ಎಲ್ಜಿ ಏಳುತ್ತಾರೆ, ಮುಂದಿನ ಬೆಂಚು ಹಿಡಿದು ಬಾಯಿ ತೆರೆಯುತ್ತಾರೆ. ಬರೀ ಉಸಿರು. ಇನ್ನೊಮ್ಮೆ ತೆರೆಯುತ್ತಾರೆ. ಸಭೆ ಕಾಯುತ್ತದೆ, ಯಾರೂ ಅವರ ಮುಖ ನೋಡಲಾರರು. ಅವರು ಕೂತು ಮುಖ ಮುಚ್ಚಿಕೊಳ್ಳುತ್ತಾರೆ.

ಮುಂದಿನ ಸಾಲಿನಿಂದ ಊರುಗೋಲಿನ ಸದ್ದು. ತೊಂಬತ್ತೊಂದರ ಓರಲೀ ಗಿಬ್ಸ್. ಈಗ ಎಲ್ಲರಿಗೂ ಅವರು ಮದರ್ ಓರಲೀ, ಚರ್ಚಿನ ಹಿರಿಯ ತಾಯಿ. ಕಷ್ಟಪಟ್ಟು ಹಿಂದೆ ತಿರುಗುತ್ತಾರೆ.

"ಏನೇ ಲುವೀನಿಯಾ, ನಿನ್ ಹಾಡೆಲ್ಲ ಆ ಬಿಳೀ ಜನಕ್ಕೇ ಬರ್ಕೊಟ್ಟಿದ್ಯಾ?"

"ನಾನು ಕ್ಷಮೆ ಕೇಳಲ್ಲ, ಮದರ್."

"ಕೇಳು ಅಂದೋರ್ಯಾರು? ಬಾಯ್ಮುಚ್ಕೊಂಡು ಕೇಳಿಸ್ಕೋ." ಮುದುಕಿ ಊರುಗೋಲನ್ನು ಎಡಗೈಗೆ ಬದಲಿಸಿ, ಬಲಗೈಯನ್ನು ಸಭೆಯತ್ತ ಎತ್ತುತ್ತಾರೆ. "ಆವತ್ತು ಈ ಮಾತು ಎತ್ತಿದ್ದು ನಾನು. ಅದೇ ಶನಿವಾರ ಆ ಗುಡಿಸಲಿನ ಕಿಟಕಿ ಹೊರಗೆ ನಿಂತು ಪೂರ್ತಿ ಕೇಳಿದ್ದೂ ನಾನೇ. ಕಾಲು ಕುಣೀತಿತ್ತು, ಅದಕ್ಕೇ ಹೆದರಿಕೆ ಆಯ್ತು. ತಪ್ಪಾಯ್ತು, ಸಭೆಯೋರೇ. ತಪ್ಪಾಯ್ತು, ಮಗಳೇ."

ಲುವೀನಿಯಾ ತಾವೇ ಎದ್ದು ಹೋಗಿ ಆ ಎತ್ತಿದ ಕೈಯನ್ನು ಎರಡೂ ಕೈಯಲ್ಲಿ ಹಿಡಿಯುತ್ತಾರೆ. ಒಬ್ಬೊಬ್ಬರಾಗಿ ಎಲ್ಲರೂ ಬರುತ್ತಾರೆ. ಕೊನೆಗೆ ಎಲ್ಜಿ ಬಂದು ತಂಗಿಯನ್ನು ತಮ್ಮ ಜಾಗದಲ್ಲಿ ನಿಲ್ಲಿಸುತ್ತಾರೆ.

"ತುಂಬಿದ ಹೊಳೆಯ ದಾಟಿಸೋ ತಂದೆ" ಎಂದು ಲುವೀನಿಯಾ ಅಪ್ಪನ ಸೊಲ್ಲು ಎತ್ತುತ್ತಾರೆ. ದನಿ ಗಟ್ಟಿಯಾಗಿದೆ. ಸಭೆ ಉಸಿರೆಳೆದುಕೊಳ್ಳುವಷ್ಟರಲ್ಲಿ, ನಲವತ್ನಾಲ್ಕು ವರ್ಷದ ಅಭ್ಯಾಸ ನೋಡಿ, ಓಗೊಡುವ ಭಾಗವನ್ನೂ ತಾವೇ ಹಾಡತೊಡಗುತ್ತಾರೆ. ಜನ ಮುಖ ಮುಖ ನೋಡಿಕೊಳ್ಳುತ್ತಾರೆ.

ಠಣ್ ಎಂದು ಊರುಗೋಲು ನೆಲಕ್ಕೆ ಬಡಿಯುತ್ತದೆ.

"ಏಯ್! ಅದು ನಮ್ದು! ನಮಗೆ ಬಿಡೇ!"

ಸಭೆ ನಗುತ್ತದೆ. ಲುವೀನಿಯಾ ಕೆನ್ನೆ ಒರೆಸಿಕೊಂಡು ಸೊಲ್ಲನ್ನು ಇನ್ನೊಮ್ಮೆ ಎತ್ತಿ, ತುಟಿ ಬಿಗಿಹಿಡಿದು ಸುಮ್ಮನೆ ನಿಲ್ಲುತ್ತಾರೆ. ನಲವತ್ತು ಗಂಟಲುಗಳು ಅದನ್ನು ಹಿಡಿದು ಎಳೆಯುತ್ತವೆ. ಎಲ್ಜಿಯ ತುಟಿಯೂ ಅಲುಗುತ್ತಿದೆ.

ಮಂಗಳವಾರ ಲುವೀನಿಯಾರ ವಿಮಾನ; ಗುರುವಾರ ಸಂಜೆ ಉಟ್ರೆಕ್ಟ್‌ನಲ್ಲಿ ಹಾಡುವುದಿದೆ. ಚರ್ಚಿನ ಮೆಟ್ಟಿಲ ಮೇಲೆ ಕೂತು ಟೋಪಿ ತೆಗೆದು ಗಾಳಿ ಬೀಸಿಕೊಳ್ಳುತ್ತಿರುವ ಲುವೀನಿಯಾರನ್ನು, ದಣಿವಾಯಿತೇ ಎಂದು ಕೇಳಿದರೆ ತಲೆಯಾಡಿಸುತ್ತಾರೆ.

"ದಣಿವೆಲ್ಲಿಂದ? ಇಷ್ಟು ವರ್ಷ ಎರಡೂ ನಾನೇ ಹಾಡ್ತಿದ್ದೆ. ಇವತ್ತು ಅರ್ಧ ಹಾಡಿದ್ರೆ ಸಾಕಾಯ್ತಲ್ಲ."