ಹೂಂ ಅನ್ನದ ಕ್ಯಾಪ್ಟನ್

ಪರದೇಶದ ವಿಮಾನ ಕಂಪನಿಗಳಲ್ಲಿ ಗುತ್ತಿಗೆಯ ಮೇಲೆ ದುಡಿದ ನಮ್ಮ ಪೈಲಟ್‌ಗಳ ಚರಿತ್ರೆಯನ್ನು ಯಾರಾದರೂ ಮುಂದೊಂದು ದಿನ ಬರೆಯಹೊರಟರೆ, ಅತಿ ದೂರ ಹಾರಿದವರ, ಅತಿ ದೊಡ್ಡ ವಿಮಾನ ನಡೆಸಿದವರ, ಅತಿ ಹೆಚ್ಚು ಗಂಟೆ ಆಕಾಶದಲ್ಲಿ ಕಳೆದವರ ಹೆಸರುಗಳು ಅದರಲ್ಲಿ ಬೇಕಾದಷ್ಟು ಬಂದಾವು. ಆದರೆ ಒಂದೇ ಒಂದು ಸದ್ದನ್ನು ವಿಮಾನ ನಡೆಸುವವರು ಕೂರುವ ಮುಂಗೋಣೆಯಿಂದ ಗಡೀಪಾರು ಮಾಡಿದವರು ಯಾರೆಂಬ ಪ್ರಶ್ನೆ ಬಂದಾಗ, ಇಂದು ಅರುವತ್ತೈದು ತುಂಬಿ ನಿವೃತ್ತರಾಗುತ್ತಿರುವ ನಮ್ಮ ಕ್ಯಾಪ್ಟನ್ ಅವರನ್ನು ಬಿಟ್ಟು ಬೇರೆಯವರನ್ನು ತೋರಿಸಲಾಗದು. ಆ ಸದ್ದು ‘ಹೂಂ’. ಅದನ್ನು ಓಡಿಸಿದ ಕಥೆಯೇ ಈ ಲೇಖನದ ವಸ್ತು. ಉಳಿದ ಹೊಗಳಿಕೆಗಳನ್ನು ಈ ಅಭಿನಂದನ ಗ್ರಂಥದ ಇತರ ಲೇಖಕರು ಚೆನ್ನಾಗಿಯೇ ಮಾಡಿರುತ್ತಾರೆಂಬ ಭರವಸೆ ಇದೆ.

ಇದನ್ನು ಬರೆಯುತ್ತಿರುವವನು ಅವರ ಪಕ್ಕದಲ್ಲಿ ಕೂತು ಹಾರಿದ ಸಹಪೈಲಟ್. ಕ್ಯಾಪ್ಟನ್ ಎಡಗಡೆ, ಸಹಪೈಲಟ್ ಬಲಗಡೆ ಕೂರುವುದು ವಿಮಾನದ ರೂಢಿಯಾದ್ದರಿಂದ ನಮ್ಮ ಕ್ಯಾಪ್ಟನ್ ಅವನನ್ನು ಮೊದಲ ದಿನದಿಂದಲೂ “ಬಲಗಡೆಯವರೇ” ಎಂದೇ ಕರೆದರು. ಇಲ್ಲಿಯೂ ಅವನು ಬಲಗಡೆಯವನಾಗಿಯೇ ಇರಲಿ. ‘ನಾನು, ನಾನು’ ಎನ್ನುತ್ತ ಇನ್ನೊಬ್ಬರ ಅಭಿನಂದನ ಗ್ರಂಥದಲ್ಲಿ ತನ್ನ ಬೆನ್ನನ್ನೇ ತಟ್ಟಿಕೊಳ್ಳುವ ಚಾಳಿಗೆ ಇದರಿಂದ ಕೊಂಚ ಕಡಿವಾಣ ಬಿದ್ದೀತು.

ಕ್ಯಾಪ್ಟನ್ ಅವರು ಪರದೇಶಕ್ಕೆ ಹೊರಟದ್ದು ಆಸೆಯಿಂದಲ್ಲ. ತವರಿನಲ್ಲಿ ಅವರು ಹಾರಿಸುತ್ತಿದ್ದ ಕಂಪನಿ ಬಾಗಿಲು ಹಾಕಿದಾಗ ಅವರಿಗೆ ನಲವತ್ತಾರು ವರ್ಷ. ಆ ವಯಸ್ಸಿನ ಪೈಲಟನನ್ನು ಕರೆದು ಕುರ್ಚಿ ಕೊಡುವವರು ಹೊರಗಿನವರೇ ಆಗಿದ್ದರು. ಮೂರು ವರ್ಷದ ಗುತ್ತಿಗೆಗೆ ಸಹಿ ಹಾಕಿ ಹೋದರು. ಅವರ ಶ್ರೀಮತಿಯವರು ಪ್ರಾಥಮಿಕ ಶಾಲೆಯ ಮೇಡಂ. ಮಕ್ಕಳನ್ನೂ ಶಾಲೆಯನ್ನೂ ಬಿಟ್ಟು ಬರುವ ಹಾಗಿರಲಿಲ್ಲ. ಹೊರಡುವ ದಿನ ಮೇಡಂ ಕೇಳಿದರಂತೆ, “ಇದೊಂದೇ ಗುತ್ತಿಗೆ ತಾನೇ?” ಕ್ಯಾಪ್ಟನ್ “ಹೂಂ” ಎಂದರಂತೆ. ಮೂರು ವರ್ಷ ಕಳೆದು ಎರಡನೆಯ ಗುತ್ತಿಗೆ ಬಂತು; ಮತ್ತದೇ ಪ್ರಶ್ನೆ, ಮತ್ತದೇ “ಹೂಂ.” ಹೀಗೆ ಐದು ಗುತ್ತಿಗೆಗಳು ಒಂದರ ಹಿಂದೊಂದು ಕಳೆದವು, ಮಕ್ಕಳು ಓದಿ ನೌಕರಿ ಹಿಡಿದರು, ಮೇಡಂ ಶಾಲೆಯಿಂದ ನಿವೃತ್ತರೂ ಆದರು. ಹೂಂ ಮಾತ್ರ ಹಳೆಯದಾಗಲಿಲ್ಲ.

ಬಲಗಡೆಯವನು ಆ ಕಂಪನಿಗೆ ಹೋಗಿ ಸೇರುವ ಹೊತ್ತಿಗೆ ಕ್ಯಾಪ್ಟನ್ ಅವರಿಗೆ ಅರುವತ್ತೊಂದು. ಹೊಸಬನಿಗೆ ಆರು ತಿಂಗಳು ಪರೀಕ್ಷಾ ಅವಧಿ; ಅದರೊಳಗೆ ಒಂದು ಕಪ್ಪುಚುಕ್ಕೆ ಬಿದ್ದರೂ ತಿಂಗಳ ನೋಟಿಸು ಕೊಟ್ಟು ಮನೆಗೆ ಕಳಿಸಬಹುದೆಂದು ಕರಾರಿನ ಏಳನೆಯ ಪುಟ ಹೇಳುತ್ತಿತ್ತು. ಕಂಪನಿ ಐದನೆಯ ತಿಂಗಳಲ್ಲಿ ಕೊಟ್ಟ ಫ್ಲಾಟು ನಾಲ್ಕನೆಯ ಮಹಡಿಯಲ್ಲಿ, ಗೋಡೆಗೆ ಬಳಿದ ಸುಣ್ಣದ ವಾಸನೆಯೊಂದನ್ನು ಬಿಟ್ಟರೆ ಬಟ್ಟಬಯಲು. ಹೆಂಡತಿ ಮಗಳನ್ನು ಕರೆದುಕೊಂಡು ಬಂದ ಮಾರನೆಯ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು; ತೆರೆದರೆ ಕ್ಯಾಪ್ಟನ್, ಒಂದು ಹೆಗಲ ಮೇಲೆ ಏಣಿ, ಇನ್ನೊಂದು ಕಂಕುಳಲ್ಲಿ ‘ಹೊಸಬರಿಗೆ’ ಎಂದು ಬರೆದಿದ್ದ ರಟ್ಟಿನ ಪೆಟ್ಟಿಗೆ. ಒಳಗೆ ಎರಡು ಪಾತ್ರೆ, ಒಂದು ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕೆಟಲ್, ಒಂದು ಕೊಡೆ, ಯಾವ ಬಸ್ಸು ಎಲ್ಲಿಗೆ ಹೋಗುತ್ತದೆಂದು ಬರೆದ ಕಾಗದ. ಈ ಪೆಟ್ಟಿಗೆ ಹೊಸಬರಿಂದ ಹೊಸಬರಿಗೆ ದಾಟುತ್ತಿತ್ತು. ಹಿಂದಿರುಗಿಸುವಾಗ ಒಂದು ಸಾಮಾನು ಹೆಚ್ಚಿಗೆ ಹಾಕಿ ಕೊಡಬೇಕೆಂಬುದಷ್ಟೇ ನಿಯಮ. ಅವರೇ ಏಣಿ ಹತ್ತಿ ತಮ್ಮ ಮನೆಯ ಹಳೆಯ ಪರದೆಗಳನ್ನು ತೂಗುಹಾಕಿದರು. ಅವು ಕಿಟಕಿಗಿಂತ ಎರಡು ಗೇಣು ಗಿಡ್ಡ. “ಪರವಾಗಿಲ್ಲ, ಮಗು ಕೆಳಗಿಂದ ಇಣುಕಲಿ” ಎಂದು ಇಳಿದರು. ಮಗಳಿಗೆ ಶಾಲೆಯಲ್ಲಿ ಸೀಟಿಲ್ಲ ಎಂದಾಗ ಅವರೇ ಜೊತೆಗೆ ಬಂದು ಕಚೇರಿಯ ಬೆಂಚಿನ ಮೇಲೆ ಎರಡು ಗಂಟೆ ಕೂತರು. ಇವರನ್ನು ಎಬ್ಬಿಸಬೇಕಾದರೆ ಸೀಟು ಕೊಡುವುದೇ ಸುಲಭವೆಂದು ಗುಮಾಸ್ತೆಗೆ ಅನ್ನಿಸಿರಬೇಕು.

ಆರು ತಿಂಗಳಿಗೆ ಇಪ್ಪತ್ತು ದಿನ ಉಳಿದಿದ್ದಾಗಿನ ಮಾತು. ಮಧ್ಯಾಹ್ನದ ಹಾರಾಟ, ಇಳಿಯಲು ಇನ್ನು ಇಪ್ಪತ್ತೈದು ನಿಮಿಷ. ಪ್ರಯಾಣಿಕರಲ್ಲೊಬ್ಬ ಅಜ್ಜಿಗೆ ತಲೆಸುತ್ತು ಬಂದಿದೆಯೆಂದು ಹಿಂದಿನಿಂದ ಪರಿಚಾರಿಕೆ ಫೋನ್ ಮಾಡಿದಳು. ಕ್ಯಾಪ್ಟನ್ ವಿಮಾನವನ್ನೂ ರೇಡಿಯೊವನ್ನೂ ಬಲಗಡೆಯವನಿಗೆ ವಹಿಸಿ ಫೋನಿಗೆ ಕಿವಿಗೊಟ್ಟರು. ಅಷ್ಟರಲ್ಲಿ ನೆಲದ ನಿಯಂತ್ರಣ ಕೇಂದ್ರದಿಂದ ಆದೇಶ ಬಂತು: ಒಂಬತ್ತು ಸಾವಿರ ಅಡಿಗೆ ಇಳಿಯಿರಿ. ರೇಡಿಯೊದ ಗರಗರದಲ್ಲಿ ಅದು ಎಂಟೋ ಒಂಬತ್ತೋ ಬಲಗಡೆಯವನಿಗೆ ತಿಳಿಯಲಿಲ್ಲ. ತಿಳಿಯದಿದ್ದರೆ ಕೇಂದ್ರವನ್ನೇ ಇನ್ನೊಮ್ಮೆ ಕೇಳಬೇಕು. ಆದರೆ ಕೆಲಸ ಖಾಯಂ ಆಗದವನಿಗೆ ‘ಇನ್ನೊಮ್ಮೆ ಹೇಳಿ’ ಎನ್ನಲು ನಾಚಿಕೆ. ಪಕ್ಕಕ್ಕೆ ತಿರುಗಿ ಮನೆಮಾತಿನಲ್ಲಿ, “ಎಂಟು ಸಾವಿರ ತಾನೇ ಸಾರ್?” ಎಂದ. ಫೋನು ಕಿವಿಯಲ್ಲಿದ್ದ ಕ್ಯಾಪ್ಟನ್, “ಹೂಂ” ಎಂದರು.

ಕೇಂದ್ರ ಕೊಟ್ಟ ಆದೇಶವನ್ನು ಅಂಕಿಯ ಸಮೇತ ಹಾಗೆಯೇ ತಿರುಗಿ ಹೇಳಬೇಕೆಂಬುದು ನಮ್ಮ ವೃತ್ತಿಯ ಮೊದಲ ಪಾಠ. ತಪ್ಪಿದ್ದರೆ ಅವರು ಅಲ್ಲೇ ತಿದ್ದುತ್ತಾರೆ. ಕ್ಯಾಪ್ಟನ್ ಇದಕ್ಕೆ ಮೇಡಂ ಅವರ ಶಾಲೆಯ ಮಾತನ್ನೇ ತಂದಿದ್ದರು: ಒಪ್ಪಿಸುವುದು. ಮಗ್ಗಿ ಒಪ್ಪಿಸಿದ ಹಾಗೆ, ಪದ್ಯ ಒಪ್ಪಿಸಿದ ಹಾಗೆ. ಆ ಮಧ್ಯಾಹ್ನ ಬಲಗಡೆಯವನು ಸರಿಯಾಗಿ ಒಪ್ಪಿಸಲಿಲ್ಲ. ಒಳಗೊಳಗೇ ಅನುಮಾನವಿದ್ದದ್ದರಿಂದ ‘ಇಳಿಯುತ್ತಿದ್ದೇವೆ’ ಎಂದಷ್ಟೇ ಹೇಳಿ ಅಂಕಿಯನ್ನು ನುಂಗಿಬಿಟ್ಟ. ಕೇಂದ್ರದವರೂ ಬೇರೊಂದು ವಿಮಾನದ ಗಡಿಬಿಡಿಯಲ್ಲಿ ಕೆದಕಲಿಲ್ಲ.

ಕ್ಯಾಪ್ಟನ್ ಫೋನು ಇಟ್ಟು ಮುಂದೆ ನೋಡುವಾಗ ವಿಮಾನ ಒಂಬತ್ತು ಸಾವಿರವನ್ನು ದಾಟಿ ಇನ್ನೂರು ಅಡಿ ಕೆಳಗಿತ್ತು. ಫೋನಿನ ನಡುವೆಯೂ ಕೇಂದ್ರದ ಒಂಬತ್ತು ಅವರ ಇನ್ನೊಂದು ಕಿವಿಗೆ ಬಿದ್ದಿತ್ತು; ಎದುರಿನ ಫಲಕದಲ್ಲಿದ್ದದ್ದು ಎಂಟು.

“ಎಂಟು ಯಾರು ಕೊಟ್ಟಿದ್ದು?”

“ನೀವೇ ಹೂಂ ಅಂದ್ರಲ್ಲ ಸಾರ್.”

ಕ್ಯಾಪ್ಟನ್ ವಿಮಾನವನ್ನು ಕೈಗೆ ತೆಗೆದುಕೊಂಡು ಮೇಲಕ್ಕೆತ್ತಿದರು. ಅದೇ ಕ್ಷಣಕ್ಕೆ ಕೇಂದ್ರದ ದನಿಯೂ ಬಂತು: ನಿಮ್ಮ ಎತ್ತರ ಒಂಬತ್ತು ಸಾವಿರ, ಸರಿಪಡಿಸಿಕೊಳ್ಳಿ. ಸುತ್ತಮುತ್ತ ಯಾವ ವಿಮಾನವೂ ಇರಲಿಲ್ಲ. ಹಿಂದೆ ಅಜ್ಜಿ ನೀರು ಕುಡಿದು ಸುಧಾರಿಸಿಕೊಂಡಿದ್ದರು. ಉಳಿದವರು ಸೀಟುಬೆಲ್ಟು ಬಿಗಿದುಕೊಳ್ಳುತ್ತಿದ್ದರು. ಯಾರ ಕೂದಲೂ ಕೊಂಕಲಿಲ್ಲ.

ಇಳಿದ ಮೇಲೆ ಸಿಬ್ಬಂದಿಯ ಕೋಣೆಯಲ್ಲಿ ಕ್ಯಾಪ್ಟನ್ ಎರಡು ಖಾಲಿ ವರದಿ ಹಾಳೆಗಳನ್ನು ತಂದು ಮೇಜಿನ ಮೇಲಿಟ್ಟರು. ಕೇಂದ್ರದವರು ದೂರು ಕೊಡುವ ಲಕ್ಷಣವಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

“ಬರೀಲೇಬೇಕಾ ಸಾರ್? ಮಗಳಿಗೆ ಈಗ ತಾನೇ ಯೂನಿಫಾರಂ ಹೊಲಿಸಿದೀವಿ.”

“ನನ್ನ ಹೊಸ ಗುತ್ತಿಗೆ ಕಾಗದಾನೂ ಮುಖ್ಯ ಪೈಲಟ್ ಮೇಜಿನ ಮೇಲೇ ಇದೆ, ಸಹಿ ಆಗಿಲ್ಲ. ಆದ್ರೂ ನಾಳೆ ಇನ್ನೊಬ್ಬರ ಪಕ್ಕದಲ್ಲಿ ಇನ್ನೊಂದು ಹೂಂ ಆದಾಗ ಎದುರಿಗೆ ವಿಮಾನ ಇದ್ರೆ? ನನ್ನದು ನಾನು ಬರೀತೀನಿ. ನಿಮ್ಮದು ನೀವು ಬರೀರಿ. ನಾನು ನೋಡಲ್ಲ.”

ಹೀಗೆಂದು ಅವರು ಹಾಳೆಯೊಂದನ್ನು ಹಿಡಿದು ಕಿಟಕಿಯ ಬಳಿಗೆ ಹೋಗಿ, ಬೆನ್ನು ಮಾಡಿ ಕೂತರು. ಈಗ ನಿಜವನ್ನು ಹೇಳಿಬಿಡಬೇಕು: ಬಲಗಡೆಯವನು ಮೊದಲು ಬರೆದ ವಾಕ್ಯ ‘ಕ್ಯಾಪ್ಟನ್ ಹೌದೆಂದರು’ ಎಂಬುದು. ಅದು ಸುಳ್ಳಲ್ಲ, ಅದೊಂದೇ ಸಾಕಾಗಿತ್ತು, ತಪ್ಪೆಲ್ಲ ಮುದುಕರ ತಲೆಗೆ ಬರುತ್ತಿತ್ತು. ತಲೆಯೆತ್ತಿ ಆ ಬೆನ್ನನ್ನು ನೋಡಿದ. ಹೆಗಲಿನ ಹತ್ತಿರ ಅಂಗಿ ಸುಕ್ಕಾಗಿತ್ತು. ಏಣಿ ಹೊತ್ತಿದ್ದ ಹೆಗಲು ಅದೇ. ಆ ಸಾಲನ್ನು ಹೊಡೆದುಹಾಕಿ, ಕೇಳಿಸದಿದ್ದುದು, ಕೇಂದ್ರವನ್ನು ಕೇಳದಿದ್ದುದು, ಅಂಕಿ ನುಂಗಿದ್ದು, ಎಲ್ಲವನ್ನೂ ಬರೆದ.

ಆಮೇಲೆ ಹನ್ನೊಂದು ದಿನ ಇಬ್ಬರಿಗೂ ಹಾರಾಟವಿಲ್ಲ. ಬಲಗಡೆಯವನ ಹೆಂಡತಿ ಇನ್ನೂ ಬಿಚ್ಚದ ಪೆಟ್ಟಿಗೆಗಳನ್ನು ಬಿಚ್ಚುವುದನ್ನೇ ನಿಲ್ಲಿಸಿದಳು. ಕ್ಯಾಪ್ಟನ್ ದಿನವೂ ಹತ್ತು ಗಂಟೆಗೆ ಬಂದು, ಟೀ ಕುಡಿದು, ಮಗುವಿಗೆ ಮಗ್ಗಿ ಹೇಳಿಕೊಟ್ಟು ಹೋಗುತ್ತಿದ್ದರು. ಧೈರ್ಯದ ಮಾತನ್ನೇನೂ ಆಡಲಿಲ್ಲ. ಆದರೆ ಅವರು ಬಂದು ಕೂತರೆ ಮನೆಗೆ ಧೈರ್ಯ ಬರುತ್ತಿತ್ತು. ಈ ವಿಷಯವನ್ನು ಫೋನಿನಲ್ಲಿ ತಿಳಿಸಿದಾಗ ಮೇಡಂ ಹೇಳಿದ್ದನ್ನು ಅವರೇ ನಗುತ್ತ ವರದಿ ಮಾಡಿದರು: “ನಿಮ್ಮ ಹೂಂ ನಂಬೋಕಾಗಲ್ಲ ಅಂತ ನಾನು ಹದಿನೈದು ವರ್ಷದಿಂದ ಹೇಳ್ತಿದೀನಿ. ಕಂಪನಿಗೆ ಈಗ ಗೊತ್ತಾಯ್ತಾ?”

ಹನ್ನೆರಡನೆಯ ದಿನ ವಿಚಾರಣೆ. ಉದ್ದನೆಯ ಮೇಜಿನ ಆಚೆ ಮುಖ್ಯ ಪೈಲಟ್, ಸುರಕ್ಷತೆಯ ಅಧಿಕಾರಿ, ಸಿಬ್ಬಂದಿ ವಿಭಾಗದ ಹೆಂಗಸು. ಮೂವರೂ ನಮ್ಮ ಮಾತು ಬಾರದವರು; ಮಾತೆಲ್ಲ ಇಂಗ್ಲಿಷಿನಲ್ಲಿ. ಕ್ಯಾಪ್ಟನ್ನರ ವರದಿಯನ್ನು ಓದಿ ಮುಖ್ಯ ಪೈಲಟ್ ಕನ್ನಡಕ ತೆಗೆದರು.

“ಈ ಸದ್ದು ಯಾವುದು? ಒಂದ್ಸಲ ಮಾಡಿ ತೋರಿಸಿ.”

ಅರುವತ್ತೊಂದು ವರ್ಷದ ಕ್ಯಾಪ್ಟನ್ ಎದ್ದು ನಿಂತು, ಭುಜದ ನಾಲ್ಕು ಪಟ್ಟಿಗಳ ಗಾಂಭೀರ್ಯಕ್ಕೆ ಕುಂದಿಲ್ಲದಂತೆ, ನಾಲ್ಕು ಬಗೆಯ ಹೂಂಗಳನ್ನು ಹೇಳಿ ತೋರಿಸಿದರು. “ಇದು ಹೌದು ಅಂತ. ಇದು ಕೇಳಿಸ್ತು, ತಡಿ ಅಂತ. ಇದು ಆಮೇಲೆ ನೋಡೋಣ ಅಂತ. ಇದು ನೀನು ಹೇಳೋದು ನಾನು ನಂಬಲ್ಲ ಅಂತ.”

“ಅವತ್ತಿಂದು ಯಾವುದು?”

“ನಾನು ಅಂದಿದ್ದು ಎರಡನೇದು. ಇವರಿಗೆ ಕೇಳಿಸಿದ್ದು ಮೊದಲನೇದು. ತಪ್ಪು ಬಾಯೀದು, ಕಿವೀದಲ್ಲ.”

ಸಿಬ್ಬಂದಿ ವಿಭಾಗದ ಹೆಂಗಸು ಕಡತದಿಂದ ತಲೆಯೆತ್ತಿದರು. “ಈ ಸದ್ದು ನಮ್ಮನೇಲೂ ಇದೆ. ನಮ್ಮ ಯಜಮಾನರು ಮೂರನೇದನ್ನ ದಿನಾ ಮಾಡ್ತಾರೆ.”

ಸುರಕ್ಷತೆಯ ಅಧಿಕಾರಿ ನಗು ತಡೆಯಲು ಕೆಮ್ಮಿದರು. ಮುಖ್ಯ ಪೈಲಟ್ ಬಲಗಡೆಯವನತ್ತ ತಿರುಗಿ, “ರೇಡಿಯೊ ಟೇಪು ನಾವು ಮೊದಲೇ ತರಿಸಿ ಕೇಳಿದ್ವಿ. ಅಂಕಿ ನುಂಗಿದ್ದನ್ನ ನೀವು ಬರೀದೇ ಇದ್ದಿದ್ರೆ ಇವತ್ತು ಈ ಮಾತುಕತೇನೇ ಇರ್ತಿರ್ಲಿಲ್ಲ” ಎಂದರು. ಮಾತುಕತೆಯ ಬದಲು ಏನಿರುತ್ತಿತ್ತು ಎಂಬುದು ಕರಾರಿನ ಏಳನೆಯ ಪುಟ ಓದಿದವನಿಗೆ ಗೊತ್ತಿತ್ತು.

ಸಂಜೆಗೆ ಕಾಗದ ಬಂತು. ಇಬ್ಬರಿಗೂ ನೆಲದ ಮೇಲಿನ ತರಬೇತಿ ಯಂತ್ರದಲ್ಲಿ ಎರಡು ದಿನದ ಅಭ್ಯಾಸ, ಆಮೇಲೆ ಯಥಾಪ್ರಕಾರ ಹಾರಾಟ. ಬಲಗಡೆಯವನ ಪರೀಕ್ಷಾ ಅವಧಿ ಮೂರು ತಿಂಗಳು ಮುಂದಕ್ಕೆ. ಕ್ಯಾಪ್ಟನ್ನರ ಆರನೆಯ ಗುತ್ತಿಗೆಗೆ ಸಹಿ. ಬಲಗಡೆಯವನ ಹೆಂಡತಿ ಕಾಗದವನ್ನು ಎರಡು ಸಲ ಓದಿ, ಇನ್ನೂ ಅಲ್ಲೇ ಇದ್ದ ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತಳು, ಅತ್ತು ಮುಗಿಸಿ ಪೆಟ್ಟಿಗೆ ಬಿಚ್ಚಲು ಎದ್ದಳು. ಎದೆಯ ಮೇಲಿನ ಕಲ್ಲನ್ನು ಯಾರೋ ಎತ್ತಿಟ್ಟ ಆ ಹಗುರ ಬಲಗಡೆಯವನಿಗೆ ಇಂದಿಗೂ ನೆನಪಿದೆ. ಮುಂದಿನ ತಿಂಗಳು ಕಂಪನಿಯ ಕೈಪಿಡಿಯಲ್ಲಿ ಹೊಸ ಸಾಲೊಂದು ಸೇರಿತು: ಮುಂಗೋಣೆಯಲ್ಲಿ ಪದವಿಲ್ಲದ ಸದ್ದು ಉತ್ತರವಲ್ಲ. ಅಂದಿನಿಂದ ಕ್ಯಾಪ್ಟನ್ ನೆಲದ ಮೇಲೂ ಹೂಂ ಅನ್ನುವುದನ್ನು ಬಿಟ್ಟರು. ಟೀ ಬೇಕೇ ಎಂದು ಕೇಳಿದರೂ, “ಟೀ, ಒಂದು ಲೋಟ, ಸಕ್ಕರೆ ಬೇಡ” ಎಂದು ಒಪ್ಪಿಸುತ್ತಿದ್ದರು.

ಆರನೆಯ ಗುತ್ತಿಗೆ, ಅದರ ಮೇಲೊಂದು ವರ್ಷದ ವಿಸ್ತರಣೆ, ಎಲ್ಲವೂ ಮುಗಿದು ಕಳೆದ ತಿಂಗಳು ಅವರ ಕೊನೆಯ ಹಾರಾಟವಾಯಿತು. ಅರುವತ್ತೈದಾದವರು ಹಾರಿಸುವಂತಿಲ್ಲ, ಆದರೆ ತರಬೇತಿ ಯಂತ್ರದಲ್ಲಿ ಇನ್ನೆರಡು ವರ್ಷ ಪಾಠ ಹೇಳಬಹುದೆಂದು ಕಂಪನಿ ಹೊಸ ಕಾಗದ ಕೊಟ್ಟಿತು. ಅದು ಕೈಯಲ್ಲಿದ್ದಾಗಲೇ ಸಿಬ್ಬಂದಿಯ ಕೋಣೆಗೆ ಮೇಡಂ ಅವರ ಫೋನು ಬಂತು. ಬೂಟು ಬಿಚ್ಚುತ್ತಿದ್ದ ಕ್ಯಾಪ್ಟನ್ ಅದನ್ನು ಸ್ಪೀಕರಿಗೆ ಹಾಕಿದರು.

“ಹಾಗಾದ್ರೆ ಇದೇ ಕೊನೇದು ತಾನೇ?” ಎಂದಿತು ಹತ್ತೊಂಬತ್ತು ವರ್ಷದಿಂದ ಅದನ್ನೇ ಕೇಳುತ್ತ ಬಂದಿದ್ದ ಆ ದನಿ.

ಕ್ಯಾಪ್ಟನ್ ಬೂಟು ಪಕ್ಕಕ್ಕಿಟ್ಟು ನೆಟ್ಟಗೆ ಕೂತರು. “ಒಪ್ಪಿಸ್ತೀನಿ, ಕೇಳು. ಹದಿನಾಲ್ಕನೇ ತಾರೀಖು. ಬೆಳಗಿನ ವಿಮಾನ. ಸೀಟು ಹನ್ನೆರಡು, ಕಿಟಕಿ ಪಕ್ಕ. ಮೂರು ಪೆಟ್ಟಿಗೆ. ಒಂದು ಕಡೆಗೆ ಮಾತ್ರ ಟಿಕೇಟು, ವಾಪಸ್ ಇಲ್ಲ.”

ಆ ಕಡೆಯಿಂದ ಮೆಲ್ಲಗೆ, “ಹೂಂ.”

“ಹೂಂ ಅಂದ್ರೆ ನಡೆಯಲ್ಲ. ನೀನೂ ಒಪ್ಪಿಸು.”

ನಲವತ್ತು ವರ್ಷ ಊರಿನ ಮಕ್ಕಳಿಂದ ಒಪ್ಪಿಸಿಕೊಂಡಿದ್ದ ಮೇಡಂ, ಮೊದಲ ಬಾರಿಗೆ ತಾವೇ ಒಪ್ಪಿಸಿದರು. ತಾರೀಖು, ವಿಮಾನ, ಸೀಟು, ಪೆಟ್ಟಿಗೆ ಎಲ್ಲವನ್ನೂ ಸರಿಯಾಗಿ ಹೇಳಿ, ‘ವಾಪಸ್ ಇಲ್ಲ’ ಎಂಬಲ್ಲಿಗೆ ಬಂದಾಗ ನಿಂತರು. ಕ್ಯಾಪ್ಟನ್ ಕಾದರು. ಅವರು ಅದನ್ನೂ ಹೇಳಿ ಮುಗಿಸಿದರು.

‘ಹೊಸಬರಿಗೆ’ ಪೆಟ್ಟಿಗೆ ಈಗ ಬಲಗಡೆಯವನ ಬಳಿ ಇದೆ. ಗಿಡ್ಡ ಪರದೆಗಳನ್ನು ಅವನು ಅದರೊಳಗೆ ಮಡಿಸಿಟ್ಟಿದ್ದಾನೆ. ಕ್ಯಾಪ್ಟನ್ ಅವರು ತಮ್ಮ ಊರಿನ ಹತ್ತಿರದ ಹಾರಾಟ ಶಾಲೆಯಲ್ಲಿ ವಾರಕ್ಕೆರಡು ದಿನ ಕಲಿಯುವವರಿಗೆ ರೇಡಿಯೊ ಮಾತು ಕಲಿಸಲಿದ್ದಾರೆಂದು ಕೇಳಿ ಸಂತೋಷವಾಗಿದೆ. ಉಳಿದ ಐದು ದಿನ ಮನೆಯಲ್ಲಿರಬೇಕೆಂದು ಮೇಡಂ ಆದೇಶ ಕೊಟ್ಟಿದ್ದಾರಂತೆ. ನಮ್ಮೆಲ್ಲರ ಹಾರೈಕೆ ಇಷ್ಟೇ: ನೂರು ವರ್ಷ ಆಯಸ್ಸು, ಗಟ್ಟಿ ಕಾಲು, ಚುರುಕು ಕಿವಿ, ಕೈತುಂಬ ಶಿಷ್ಯರು, ಮೇಡಂ ಪಕ್ಕದ ಕುರ್ಚಿ. ಕ್ಯಾಪ್ಟನ್ ಸಾರ್, ಇದನ್ನು ಓದಿ ಮುಗಿಸಿ ಸುಮ್ಮನೆ ಹೂಂ ಅನ್ನಬೇಡಿ, ದಯವಿಟ್ಟು ಒಪ್ಪಿಸಿ.